ಬೆಳೆಯ ಹೇನು, ಗಿಡದ ನಂಜು ಮತ್ತು ನಮ್ಮ ದನದ ಮೇವು

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಹಾಲು ಉತ್ಪಾದಕ ಸದಸ್ಯರಿಗೆ ನೀಡಿದ ಉಪನ್ಯಾಸ)



ದನದ ಡಾಕ್ಟರು ಬೆಳೆಯ ಹೇನಿನ ವಿಷಯ ಹೇಳುವುದು ತಮಗೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಆದರೆ ತಾವೇ ಯೋಚಿಸಿ. ನಮ್ಮ ಸಂಘಗಳಿಗೆ ಹಾಲು ಹಾಕುವ ಮನೆಗಳಲ್ಲಿ ಹೊಲ ಬೇರೆ, ಕೊಟ್ಟಿಗೆ ಬೇರೆ ಎಂಬುದಿಲ್ಲ. ಮೆಣಸಿನ ಗಿಡಕ್ಕೆ ಹೊಡೆದ ಔಷಧ ಬದುವಿನ ಹುಲ್ಲಿನ ಮೇಲೆ ಬೀಳುತ್ತದೆ. ಆ ಹುಲ್ಲು ಎಮ್ಮೆಯ ಹೊಟ್ಟೆಗೆ ಹೋಗುತ್ತದೆ. ಎಮ್ಮೆಯ ಹಾಲು ಮೊದಲು ನಮ್ಮ ಮಕ್ಕಳ ಹೊಟ್ಟೆಗೆ, ಆಮೇಲೆ ಸಂಘದ ಕ್ಯಾನಿಗೆ ಬರುತ್ತದೆ. ಆದ್ದರಿಂದ ಹೊಲದಲ್ಲಿ ಹೇನನ್ನು ಹೇಗೆ ಹತೋಟಿ ಮಾಡುತ್ತೇವೆ ಎಂಬುದು ಪಶುಪಾಲನೆಗೂ ಸಂಬಂಧಪಟ್ಟ ಮಾತು.

ಊರುಗಳಿಗೆ ಹೋದಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಡಾಕ್ಟ್ರ, ಎಷ್ಟ್ ಔಷಧ ಹೊಡದ್ರೂ ರೋಗ ನಿಲ್ಲವಲ್ದರೀ." ಈ ಮಾತು ನಿಜ. ಏಕೆ ನಿಲ್ಲುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಂಡರೆ, ಏನು ಮಾಡಬೇಕೆಂಬುದು ತಾನೇ ಹೊಳೆಯುತ್ತದೆ.

ಹೇನು ಎಂದರೆ ಏನು?

ಸಸ್ಯಹೇನು ಎಳ್ಳುಕಾಳಿಗಿಂತ ಸಣ್ಣದಾದ, ಮೆದು ಮೈಯ ಕೀಟ. ಹಸಿರು, ಹಳದಿ, ಕಪ್ಪು ಬಣ್ಣಗಳಲ್ಲಿರುತ್ತದೆ. ಅಲಸಂದಿ ಮತ್ತು ಶೇಂಗಾದ ಕುಡಿಯಲ್ಲಿ ಕಪ್ಪಗೆ ಮುತ್ತಿಕೊಳ್ಳುವುದು, ಕುಸುಬಿಯ ದಂಟಿಗೆ ಮಸಿ ಬಳಿದಂತೆ ಹತ್ತುವುದು, ಗೋವಿನಜೋಳದ ಸುಳಿಯಲ್ಲಿ ಹಸಿರು-ನೀಲಿಯಾಗಿ ಕೂಡುವುದು ಎಲ್ಲವೂ ಇದರ ಬೇರೆ ಬೇರೆ ಜಾತಿಗಳೇ. ಸೂಜಿಯಂಥ ಬಾಯಿಯನ್ನು ಎಲೆಗೆ ಚುಚ್ಚಿ ರಸ ಹೀರುತ್ತದೆ. ಹೀರಿದ್ದರಲ್ಲಿ ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಸಿಹಿ ಅಂಟಾಗಿ ಬಿಡುತ್ತದೆ. ಆ ಅಂಟಿಗೆ ಇರುವೆ ಬರುತ್ತದೆ, ಕಪ್ಪು ಬೂಷ್ಟು ಬೆಳೆಯುತ್ತದೆ.

ನಮ್ಮ ಬಿಸಿಲ ನಾಡಿನಲ್ಲಿ ಹೆಣ್ಣು ಹೇನು ಗಂಡಿನ ಹಂಗಿಲ್ಲದೆಯೇ ಮರಿ ಹಾಕುತ್ತದೆ. ಮೊಟ್ಟೆಯಲ್ಲ, ನೇರವಾಗಿ ಮರಿ. ಆ ಮರಿ ಸುಮಾರು ಒಂದು ವಾರ, ಹತ್ತು ದಿನದಲ್ಲಿ ತಾನೇ ತಾಯಿಯಾಗುತ್ತದೆ. ಒಂದು ಹೇನು 50 ಮರಿ ಹಾಕಿತು, ಎಲ್ಲವೂ ಬದುಕಿದವು ಎಂದು ಲೆಕ್ಕಕ್ಕೆ ಹಿಡಿಯಿರಿ. ಎರಡನೇ ಪೀಳಿಗೆಗೆ 2,500, ಮೂರನೇ ಪೀಳಿಗೆಗೆ 1,25,000 ಆಗುತ್ತವೆ. ಎಲ್ಲವೂ ಬದುಕುವುದಿಲ್ಲ ಎಂಬುದೇ ನಮ್ಮ ಪುಣ್ಯ. ಅದಕ್ಕೆ ಯಾರು ಕಾರಣ ಎಂಬುದನ್ನು ಮುಂದೆ ಹೇಳುತ್ತೇನೆ. ಗಿಡದಲ್ಲಿ ಜಾಗ ಸಾಲದೆ ಗುಂಪು ಹೆಚ್ಚಾದಾಗ ರೆಕ್ಕೆ ಇರುವ ಮರಿಗಳು ಹುಟ್ಟಿ, ಗಾಳಿಯಲ್ಲಿ ತೇಲಿ ಬೇರೆ ಹೊಲಕ್ಕೆ ಹೋಗುತ್ತವೆ. ನಂಜನ್ನು ದೂರ ಒಯ್ಯುವುದು ಮುಖ್ಯವಾಗಿ ಈ ರೆಕ್ಕೆಯ ಹೇನುಗಳೇ.

ನಂಜು ಹೇಗೆ ಹರಡುತ್ತದೆ?

ತಮಗೆಲ್ಲ 2022ರ ಚರ್ಮಗಂಟು ರೋಗ ನೆನಪಿರಬೇಕು. ರೋಗದ ದನವನ್ನು ಕಚ್ಚಿದ ನೊಣ, ಬಾಯಿ ಒರೆಸಿಕೊಳ್ಳದೆ ಪಕ್ಕದ ದನವನ್ನು ಕಚ್ಚುತ್ತಿತ್ತು. ನೊಣದ ಬಾಯಿ ತೊಳೆಯದ ಇಂಜೆಕ್ಷನ್ ಸೂಜಿ ಇದ್ದಂತೆ. ಹೇನಿನ ಬಾಯಿಯೂ ಅಷ್ಟೇ.

ಹೇನು ನಂಜನ್ನು ಎರಡು ರೀತಿಯಲ್ಲಿ ಒಯ್ಯುತ್ತದೆ. ಒಂದನೆಯದು ಬಾಯಿಯ ತುದಿಗೆ ಅಂಟಿಸಿಕೊಂಡು. ರೋಗದ ಗಿಡವನ್ನು ಕೆಲವೇ ಸೆಕೆಂಡು ಚುಚ್ಚಿ ರುಚಿ ನೋಡಿದರೆ ಸಾಕು, ನಂಜು ಹತ್ತುತ್ತದೆ. ಮುಂದಿನ ಗಿಡವನ್ನು ಚುಚ್ಚಿದ ಕೆಲವೇ ಸೆಕೆಂಡಿನಲ್ಲಿ ಅದಕ್ಕೆ ದಾಟುತ್ತದೆ. ಆದರೆ ಹೀಗೆ ಹತ್ತಿದ ನಂಜು ಬಹಳ ಹೊತ್ತು ಉಳಿಯುವುದಿಲ್ಲ. ನಾಲ್ಕಾರು ಕಡೆ ಚುಚ್ಚಿದ ಮೇಲೆ ಬಾಯಿ ಸ್ವಚ್ಛವಾಗುತ್ತದೆ. ಪಪ್ಪಾಯಿಯ ಉಂಗುರ ಚುಕ್ಕೆ ನಂಜು, ಮೆಣಸಿನಕಾಯಿಯ ಕೆಲವು ಮೊಸಾಯಿಕ್ ನಂಜುಗಳು, ಸೌತೆ-ಕುಂಬಳ-ಕಲ್ಲಂಗಡಿಯ ಮೊಸಾಯಿಕ್, ಅಲಸಂದಿಯ ಮೊಸಾಯಿಕ್ ಇವೆಲ್ಲ ಈ ಜಾತಿಯವು.

ಎರಡನೆಯದು ಹೊಟ್ಟೆಗೆ ಇಳಿಸಿಕೊಂಡು. ಇಲ್ಲಿ ಹೇನು ತಾಸುಗಟ್ಟಲೆ ರಸ ಹೀರಬೇಕು. ನಂಜು ಅದರ ಮೈಯೊಳಗೆ ಹೋಗಿ, ಸುತ್ತಿ, ಮತ್ತೆ ಜೊಲ್ಲಿಗೆ ಬರಬೇಕು. ಒಮ್ಮೆ ಬಂದರೆ ಬಹಳ ದಿನ ಉಳಿಯುತ್ತದೆ. ಬಾಳೆಯ ಎಲೆಗಳು ತುದಿಯಲ್ಲಿ ಗೊಂಚಲಾಗಿ, ಗಿಡ್ಡವಾಗಿ ನಿಲ್ಲುವ ರೋಗ ಈ ಜಾತಿಯದು. ಗಂಗಾವತಿ ಕಡೆ, ಆನೆಗೊಂದಿಯ ಹೊಳೆದಂಡೆಯಲ್ಲಿ ಬಾಳೆ ಮಾಡುವವರು ಇದನ್ನು ಗಮನದಲ್ಲಿಡಬೇಕು. ಇದು ಹೇನಿನಿಂದಲೂ ಹರಡುತ್ತದೆ, ರೋಗದ ತೋಟದಿಂದ ತಂದ ಕಂದಿನಿಂದಲೂ ಬರುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಎಲ್ಲ ಮುಟುರು ರೋಗವೂ ಹೇನಿನಿಂದಲ್ಲ. ಮೆಣಸಿನ ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮುದುಡಿದರೆ ಬಹುತೇಕ ಥ್ರಿಪ್ಸ್ ನುಸಿ. ಕೆಳಕ್ಕೆ ಮುದುಡಿ ಎಲೆಯ ತೊಟ್ಟು ಉದ್ದವಾದರೆ ಮೈಟ್ ನುಸಿ. ಎಲೆ ಮುದುಡಿ ಗಿಡ ಗಿಡ್ಡಾಗುವ ನಂಜನ್ನು ಬಿಳಿನೊಣ ತರುತ್ತದೆ. ಹೇನು ತರುವ ನಂಜಿನಲ್ಲಿ ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆಗಳು ಬೆರೆತು ಕಾಣುತ್ತವೆ. ಯಾವ ಕೀಟ ಎಂದು ತಿಳಿಯದೆ ಅಂಗಡಿಯವರು ಕೊಟ್ಟ ಡಬ್ಬಿ ಹೊಡೆಯುವುದು, ದನಕ್ಕೆ ಜ್ವರವೋ ಹೊಟ್ಟೆಯುಬ್ಬರವೋ ನೋಡದೆ ಸೂಜಿ ಹಾಕಿದಂತೆ. ಎರಡು ರೋಗದ ಟೊಂಗೆಗಳನ್ನು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ಔಷಧ ಏಕೆ ಸೋಲುತ್ತದೆ?

ಪಪ್ಪಾಯಿ ಗಿಡದಲ್ಲಿ ಹೇನು ಸಂಸಾರ ಹೂಡುವುದಿಲ್ಲ. ಹಾರಿ ಬರುತ್ತದೆ, ಕೂತು ರುಚಿ ನೋಡುತ್ತದೆ, ಬೇಡವೆಂದು ಎದ್ದು ಹೋಗುತ್ತದೆ. ನಂಜು ಬಿಡಲು ಅಷ್ಟು ಸಾಕು. ಎಲೆಯ ಮೇಲೆ ಔಷಧ ಇದ್ದರೂ ಹೇನು ಸಾಯುವುದಕ್ಕೆ ಸ್ವಲ್ಪ ಹೊತ್ತು ಬೇಕು, ನಂಜು ದಾಟುವುದಕ್ಕೆ ಸೆಕೆಂಡುಗಳು ಸಾಕು. ಕೆಲವು ಔಷಧಗಳಿಂದ ಹೇನು ಗಾಬರಿಯಾಗಿ ಒಂದು ಕಡೆ ಕೂರದೆ ಹತ್ತು ಗಿಡ ಚುಚ್ಚುವುದೂ ಉಂಟು. ದುಡ್ಡು ಕೊಟ್ಟು ರೋಗ ಹರಡಿದಂತಾಗುತ್ತದೆ.

ನಂಜು ಹತ್ತಿದ ಗಿಡಕ್ಕೆ ಮದ್ದೂ ಇಲ್ಲ. ದನಕ್ಕೆ ಕಾಲುಬಾಯಿ ಬೇನೆಗೆ ಲಸಿಕೆ ಹಾಕುತ್ತೇವೆ. ಗಿಡಕ್ಕೆ ಹಾಗೆ ಹಾಕುವ ಸೂಜಿ ನಮ್ಮ ಅಂಗಡಿಗಳಲ್ಲಿ ಇಲ್ಲ. ಅಮೆರಿಕದ ಹವಾಯಿ ದ್ವೀಪಗಳಲ್ಲಿ 1992ರಲ್ಲಿ ಈ ಉಂಗುರ ಚುಕ್ಕೆ ನಂಜು ಮುಖ್ಯ ಪಪ್ಪಾಯಿ ಸೀಮೆಗೆ ನುಗ್ಗಿ ತೋಟಗಳನ್ನೇ ನೆಲಸಮ ಮಾಡಿತು. ಕೊನೆಗೆ 1998ರಲ್ಲಿ ಅಲ್ಲಿನ ವಿಜ್ಞಾನಿಗಳು ವಂಶವಾಹಿ ಬದಲಿಸಿದ ತಳಿಯನ್ನು ರೈತರಿಗೆ ಕೊಟ್ಟರು. ಅಂಥ ಪಪ್ಪಾಯಿಯನ್ನು ಬೆಳೆಯಲು ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಹಾಗಾಗಿ ನಮಗೆ ಉಳಿದಿರುವುದು ಒಂದೇ ದಾರಿ: ನಂಜು ಹೊತ್ತ ಹೇನು ಬೆಳೆಗೆ ತಲುಪುವ ಮೊದಲೇ ಅದರ ಬಾಯಿ ತೊಳೆಯುವುದು.

ಮೇವಿನ ಬೇಲಿ

ಹೊಲದ ಸುತ್ತ ಗೋವಿನಜೋಳ ಅಥವಾ ಜೋಳವನ್ನು ಎರಡು ಮೂರು ಸಾಲು ದಟ್ಟವಾಗಿ ಬಿತ್ತುವುದೇ ಆ ಉಪಾಯ. ಗಾಳಿಯಲ್ಲಿ ತೇಲಿ ಬಂದ ಹೇನು ಮೊದಲು ಎತ್ತರದ ಬೇಲಿ ಬೆಳೆಯ ಮೇಲೆ ಇಳಿಯುತ್ತದೆ. ಅಲ್ಲಿ ನಾಲ್ಕಾರು ಸಲ ಚುಚ್ಚಿ ನೋಡುತ್ತದೆ. ಬಾಯಿಯ ನಂಜು ಅಲ್ಲೇ ಒರೆಸಿಹೋಗುತ್ತದೆ. ಪಪ್ಪಾಯಿಯ ನಂಜು ಜೋಳದಲ್ಲಿ ಬೆಳೆಯುವುದಿಲ್ಲ. ಆಮೇಲೆ ಹೇನು ಒಳಗಿನ ಬೆಳೆಗೆ ಬಂದರೂ ಅದು ಬರೀ ಹೇನು, ನಂಜಿನ ಸೂಜಿಯಲ್ಲ. ನಮ್ಮ ಹಿರಿಯರು ಹಿಂಗಾರಿ ಜೋಳದಲ್ಲಿ ಕುಸುಬಿಯ ಸಾಲು ಹಾಕಿ ದನ ನುಗ್ಗದಂತೆ ತಡೆಯುತ್ತಿದ್ದರು. ಇದೂ ಅಂಥದೇ ಬೇಲಿ, ತಡೆಯುವುದು ಮಾತ್ರ ಕಣ್ಣಿಗೆ ಕಾಣದ ಕಳ್ಳನನ್ನು.

ಇನ್ನು ಲಾಭದ ಲೆಕ್ಕ. ಒಂದು ಎಕರೆ ಚೌಕದ ಹೊಲದ ಸುತ್ತಳತೆ ಸುಮಾರು 835 ಅಡಿ. ಮೂರು ಸಾಲು ಎಂದರೆ ಸುಮಾರು 2,500 ಅಡಿ. 8 ಅಂಗುಲಕ್ಕೊಂದು ಗಿಡದಂತೆ 3,750 ಗೋವಿನಜೋಳದ ಗಿಡಗಳು. ಗಿಡಕ್ಕೆ ಅರ್ಧ ಕಿಲೋ ಹಸಿ ಮೇವು ಎಂದು ಹಿಡಿದರೂ 1,875 ಕಿಲೋ ಆಯಿತು. ದಿನಕ್ಕೆ 20 ಕಿಲೋ ಹಸಿ ಮೇವು ಹಾಕಿದರೆ ಒಂದು ಆಕಳಿಗೆ ಮೂರು ತಿಂಗಳ ಮೇವು. ಮುಖ್ಯ ಬೆಳೆಯ ಜಾಗ ಹೋಗುವುದು ಅಂಚಿನಲ್ಲಿ ಮೂರು ನಾಲ್ಕು ಅಡಿ ಅಷ್ಟೇ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಊರುಗಳಲ್ಲಿ ಬೇಸಿಗೆಯ ಹಸಿ ಮೇವಿಗೆ ಎಷ್ಟು ಪರದಾಟವಿದೆ ಎಂಬುದು ತಮಗೇ ಗೊತ್ತು.

ಬೇಲಿ ಹಾಕುವ ಕ್ರಮ ಹೀಗಿರಲಿ:

1. ಮೊದಲ ಸಾಲನ್ನು ಸಸಿ ನಾಟಿಗೆ ಒಂದು ತಿಂಗಳು ಮೊದಲೇ ಬಿತ್ತಿ. ನಾಟಿಯ ದಿನ ಬೇಲಿ ಸಸಿಗಿಂತ ಎತ್ತರ ಇರಲೇಬೇಕು. ಎರಡನ್ನೂ ಒಂದೇ ದಿನ ಹಾಕಿದರೆ ಉಪಯೋಗವಿಲ್ಲ.

2. ಎರಡನೇ ಸಾಲನ್ನು 15 ದಿನ ಬಿಟ್ಟು, ಮೂರನೆಯದನ್ನು ಮತ್ತೆ 15 ದಿನ ಬಿಟ್ಟು ಬಿತ್ತಿ. ಮೊದಲ ಸಾಲು ಕೊಯ್ಯುವ ಹೊತ್ತಿಗೆ ಎರಡನೆಯದು ಎತ್ತರಕ್ಕೆ ಬಂದಿರುತ್ತದೆ. ಕೊಯ್ದ ಸಾಲಿನಲ್ಲಿ ಮತ್ತೆ ಬೀಜ ಹಾಕಿ. ಮೇವು ಬೇಕೆಂದು ಮೂರೂ ಸಾಲನ್ನು ಒಮ್ಮೆಲೇ ಕೊಯ್ದರೆ ಬಾಗಿಲು ತೆಗೆದಿಟ್ಟಂತೆ.

3. ಗೋವಿನಜೋಳವನ್ನು ತೆನೆಯಲ್ಲಿ ಹಾಲು ತುಂಬುವ ಹಂತದಲ್ಲಿ ಕೊಯ್ದರೆ ಮೇವಿನ ಸತ್ವ ಚೆನ್ನಾಗಿರುತ್ತದೆ.

4. ಜೋಳದ ಬೇಲಿಯಾದರೆ ಎಚ್ಚರ ಬೇಕು. ಎಳೆಯ ಜೋಳದಲ್ಲಿ, ಮಳೆ ಇಲ್ಲದೆ ಬಾಡಿದ ಜೋಳದಲ್ಲಿ, ಕೊಯ್ದ ಮೇಲೆ ಬಂದ ಕೂಳೆ ಚಿಗುರಿನಲ್ಲಿ ಸಯನೈಡ್ ವಿಷ ಇರುತ್ತದೆ. ಹಸಿದ ದನ ಅದನ್ನು ಮೇದರೆ ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು, ತೂರಾಡಿ ಬೀಳುತ್ತದೆ. ಹೂ ಬರುವ ಮೊದಲು ಜೋಳದ ಹಸಿ ಮೇವು ಹಾಕಬೇಡಿ. ಈ ಭಯ ಗೋವಿನಜೋಳದಲ್ಲಿ ಇಲ್ಲವೆಂದೇ ಹೇಳಬಹುದು. ಆದ್ದರಿಂದ ಹೈನುಗಾರರಿಗೆ ಗೋವಿನಜೋಳದ ಬೇಲಿಯೇ ಮೇಲು.

ಬೇಲಿಯ ಜೊತೆಗೆ ಮಾಡಬೇಕಾದ್ದು

ಬೇಲಿಯೊಂದರಿಂದಲೇ ಎಲ್ಲ ಆಗುವುದಿಲ್ಲ. ಮೆಣಸು, ಟೊಮ್ಯಾಟೊ, ಪಪ್ಪಾಯಿ ಸಸಿಗಳನ್ನು 40ರಿಂದ 50 ಮೆಶ್ ನೈಲಾನ್ ಬಲೆಯೊಳಗೆ ಬೆಳೆಸಿ. ಎಳೆಯದರಲ್ಲಿ ನಂಜು ಹತ್ತಿದ ಗಿಡ ಫಲ ಕೊಡುವುದು ಕಷ್ಟ. ಕರು ಎಳೆಯದಿದ್ದಾಗ ಸೊರಗಿದರೆ ದೊಡ್ಡದಾದ ಮೇಲೂ ಚೇತರಿಸಿಕೊಳ್ಳದ ಹಾಗೆ. ಪಪ್ಪಾಯಿ ಹೊಲದ ಪಕ್ಕದಲ್ಲಿ ಸೌತೆ, ಕುಂಬಳ, ಕಲ್ಲಂಗಡಿ ಹಾಕಬೇಡಿ. ಹಳೆಯ ರೋಗದ ತೋಟದ ಪಕ್ಕ ಹೊಸ ತೋಟ ಮಾಡಬೇಡಿ. ಅಲಸಂದಿಯ ಮೊಸಾಯಿಕ್ ಬೀಜದಿಂದಲೂ ಬರುತ್ತದೆ. ಆದ್ದರಿಂದ ಮೇವಿಗೆ ಅಲಸಂದಿ ಹಾಕುವವರು ಆರೋಗ್ಯವಂತ ಗಿಡಗಳ ಬೀಜವನ್ನೇ ಇಟ್ಟುಕೊಳ್ಳಿ.

ನಾಟಿಯಾದ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಹೊಲ ಸುತ್ತಿ. ಮಚ್ಚೆ ಕಂಡ ಗಿಡವನ್ನು ಬೇರು ಸಮೇತ ಕಿತ್ತು ಸುಡಿ ಅಥವಾ ಹುಗಿಯಿರಿ. ಒಂದು ಗಿಡ ಕೀಳಲು ಮನಸ್ಸು ಬರುವುದಿಲ್ಲ, ಅದು ಸಹಜ. ಆದರೆ ಆ ಒಂದು ಗಿಡ ಇಡೀ ಹೊಲಕ್ಕೆ ನಂಜಿನ ಬಾವಿ. ಯೂರಿಯಾ ಅತಿಯಾಗಿ ಹಾಕಿದರೆ ಗಿಡ ಮೆತ್ತಗಾಗಿ ಹೇನಿಗೆ ಹಬ್ಬವಾಗುತ್ತದೆ. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಅದರ ಹೊಳಪಿಗೆ ರೆಕ್ಕೆಯ ಹೇನು ಇಳಿಯಲು ಹಿಂಜರಿಯುತ್ತದೆ. ಕುಸುಬಿಯನ್ನು ತಡಮಾಡದೆ ಬಿತ್ತಿದರೆ ಹೇನಿನ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ.

ಹೇನಿನ ವೈರಿ, ನಮ್ಮ ಸ್ನೇಹಿತ

ಲಕ್ಷಗಟ್ಟಲೆ ಹೇನು ಬದುಕದಿರಲು ಯಾರು ಕಾರಣ ಎಂದು ಹೇಳುತ್ತೇನೆ ಎಂದಿದ್ದೆ. ಗುಲಗಂಜಿ ಹುಳು ಮತ್ತು ಅದರ ಮುಳ್ಳು ಮುಳ್ಳಾದ ಮರಿ, ಹಸಿರು ಜಾಲರೆಕ್ಕೆಯ ಕೀಟದ ಮರಿ, ಹೂನೊಣದ ಮರಿ ಇವೆಲ್ಲ ದಿನಕ್ಕೆ ಹತ್ತಾರು ಹೇನು ತಿನ್ನುತ್ತವೆ. ಉಬ್ಬಿ ಕಂದು ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿರುವ ಹೇನು ಕಂಡರೆ, ಅದರೊಳಗೆ ಪರೋಪಜೀವಿ ಕಣಜ ಬೆಳೆಯುತ್ತಿದೆ ಎಂದು ತಿಳಿಯಿರಿ. ಗೋವಿನಜೋಳದ ಬೇಲಿಯಲ್ಲಿ ಸ್ವಲ್ಪ ಹೇನು ಬಂದರೆ ಹೆದರಬೇಡಿ. ಅದೇ ಈ ಸ್ನೇಹಿತರ ಊಟದ ಮನೆ. ಬೇಲಿಗೆ ಔಷಧ ಹೊಡೆಯಲೇಬೇಡಿ.

ಇದು ಪುಸ್ತಕದ ಮಾತಲ್ಲ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆಯಿಂದ ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಯ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಂತು. ಮೊದಲು ಎಲ್ಲರೂ ಔಷಧದ ಹಿಂದೆ ಬಿದ್ದರು. ಎತ್ತರದ ಕಬ್ಬಿನೊಳಗೆ ಹೊಕ್ಕು ಹೊಡೆಯುವುದೇ ಕಷ್ಟ, ಸೋಗೆಯನ್ನು ದನಕ್ಕೆ ಹಾಕುವ ಹಾಗೂ ಇಲ್ಲ. ಆಮೇಲೆ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಡೈಫಾ, ಮೈಕ್ರೋಮಸ್ ಎಂಬ ಹೇನು ತಿನ್ನುವ ಕೀಟಗಳನ್ನು ಬೆಳೆಸಿ ಹೊಲಗಳಿಗೆ ಬಿಟ್ಟರು. ಹೇನು ಹತೋಟಿಗೆ ಬಂತು. ಆ ಹೇನು ರಸ ಹೀರುವ ಕಾಟವೇ ಹೊರತು ನಂಜಿನದಲ್ಲ, ನಿಜ. ಆದರೂ ಕಲಿಯುವ ಪಾಠ ಇದೆ.

ಅಲಸಂದಿ, ಶೇಂಗಾದಲ್ಲಿ ಹೇನು ಗುಂಪುಗಟ್ಟಿದರೆ ಮೊದಲು 5 ಪರ್ಸೆಂಟ್ ಬೇವಿನ ಬೀಜದ ಕಷಾಯ ಹೊಡೆಯಿರಿ. 5 ಕಿಲೋ ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ರಾತ್ರಿ ನೀರಿನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಬೆರೆಸಿ 100 ಲೀಟರ್ ಮಾಡಿಕೊಳ್ಳಿ. ಸಂಜೆ ಹೊತ್ತು, ಎಲೆಯ ಅಡಿಗೆ ತಾಗುವಂತೆ ಹೊಡೆಯಿರಿ.

ವಿಷ ಹೊಡೆಯಲೇಬೇಕಾದರೆ

ಕೆಲವೊಮ್ಮೆ ರಾಸಾಯನಿಕ ಔಷಧ ಬೇಕಾಗಬಹುದು. ಆಗ ಡಬ್ಬಿಯ ಮೇಲಿನ ಕಾಗದ ಓದಿ ಅಥವಾ ಓದಿಸಿಕೊಳ್ಳಿ. ಆ ಬೆಳೆಯ ಹೆಸರು ಅದರಲ್ಲಿ ಇರಬೇಕು, ಹೊಡೆದ ಮೇಲೆ ಎಷ್ಟು ದಿನ ಕಾಯಬೇಕೆಂಬುದೂ ಇರಬೇಕು. ಆ ದಿನಗಳು ಮನುಷ್ಯರಿಗೆ ಮಾತ್ರವಲ್ಲ, ದನಕ್ಕೂ ಅನ್ವಯಿಸುತ್ತವೆ. ವಜ್ರಾಕಾರದ ಗುರುತಿನ ಕೆಳಭಾಗ ಕೆಂಪಾಗಿದ್ದರೆ ಅದು ಅತಿ ಘೋರ ವಿಷ. ಥಿಮೆಟ್ ಎಂದು ಕರೆಯುವ ಫೋರೇಟ್, ಹಾಗೂ ಹೇನಿಗೆಂದು ಹಿಂದೆ ಬಳಸುತ್ತಿದ್ದ ಫಾಸ್ಫಮಿಡಾನ್ ಇವೆರಡನ್ನೂ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಮನೆಯ ಅಟ್ಟದಲ್ಲಿ ಹಳೆಯ ಡಬ್ಬಿ ಇದ್ದರೆ ಬಳಸಬೇಡಿ, ದನದ ಉಣ್ಣೆಗೆ, ಹೇನಿಗೆ ಅಂತೂ ಹಚ್ಚಲೇಬೇಡಿ.

ಮುಖ್ಯ ಬೆಳೆಗೆ ಹೊಡೆದಾಗ ಬೇಲಿಯ ಮೇವಿಗೂ ಬದುವಿನ ಹುಲ್ಲಿಗೂ ಹನಿ ಹಾರುತ್ತದೆ. ಆದ್ದರಿಂದ ಹೊಡೆಯುವ ಹಿಂದಿನ ದಿನವೇ ಕೆಲವು ದಿನಕ್ಕೆ ಬೇಕಾಗುವಷ್ಟು ಮೇವನ್ನು ಬೇರೆ ಕಡೆಯಿಂದ ಕೊಯ್ದಿಡಿ. ಹೊಡೆದ ಮೇಲೆ ಕಾಯುವ ದಿನ ಮುಗಿಯುವ ತನಕ ಅಲ್ಲಿಂದ ಒಂದು ಹಿಡಿ ಹುಲ್ಲೂ ಬೇಡ. ಶೇಂಗಾ ಬಳ್ಳಿ, ಅಲಸಂದಿ ಹೊಟ್ಟು, ಗಂಗಾವತಿ ಕಡೆಯ ಬತ್ತದ ಹುಲ್ಲು ಇವಕ್ಕೂ ಇದೇ ನಿಯಮ. ಕೆಲವು ಕೀಟನಾಶಕಗಳು ಕೊಬ್ಬಿನಲ್ಲಿ ಕರಗಿ ಹಾಲಿಗೆ ಬರುತ್ತವೆ. ಕಾಯಿಸಿದರೆ ಹೋಗುತ್ತವೆ ಎಂಬ ನಂಬಿಕೆ ಬೇಡ. ತುಪ್ಪದಲ್ಲಿಯೂ ಉಳಿಯುತ್ತವೆ.

ದನಕ್ಕೆ ವಿಷ ತಗಲಿದರೆ ಗುರುತು ಹೀಗಿರುತ್ತದೆ: ಬಾಯಿಂದ ನೊರೆ ಜೊಲ್ಲು, ಕಣ್ಣೀರು, ಪದೇ ಪದೇ ಸೆಗಣಿ-ಗಂಜಲ, ಕಣ್ಣಿನ ಪಾಪೆ ಸಣ್ಣದಾಗುವುದು, ಮೈ ಮಾಂಸ ಅದುರುವುದು, ಉಸಿರಾಟದ ಕಷ್ಟ. ಕೂಡಲೇ ಮೇವು ತೆಗೆಯಿರಿ. ಮೈಮೇಲೆ ಬಿದ್ದಿದ್ದರೆ ಸಾಬೂನು ನೀರಿನಿಂದ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಎಣ್ಣೆ, ಹಾಲು, ಮಜ್ಜಿಗೆ ಗೊಟ್ಟದಲ್ಲಿ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಹೋಗಿ ದನ ಇನ್ನೂ ಬೇಗ ಸಾಯಬಹುದು. 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಔಷಧದ ಡಬ್ಬಿಯನ್ನು ಡಾಕ್ಟರಿಗೆ ತಪ್ಪದೆ ತೋರಿಸಿ. ಯಾವ ವಿಷ ಎಂದು ತಿಳಿದರೆ ಅಟ್ರೋಪಿನ್ ಕೊಡಬೇಕೋ ಬೇರೆಯದೋ ಎಂದು ನಿರ್ಧರಿಸಲು ಅನುಕೂಲ. ನಿಮಿಷ ನಿಮಿಷಕ್ಕೂ ಬೆಲೆಯಿದೆ. ಅಂಥ ದನದ ಹಾಲನ್ನು ಡಾಕ್ಟರು ಹೇಳುವ ತನಕ ಮನೆಗೂ ಬಳಸಬೇಡಿ, ಸಂಘಕ್ಕೂ ಹಾಕಬೇಡಿ.

ಕೊನೆಯದಾಗಿ ಒಂದು ಪ್ರಶ್ನೆ

"ಗಿಡಕ್ಕೆ ಹಾಲು ಹೊಡದ್ರ ನಂಜು ಹೋಗ್ತೈತೇನ್ರೀ?" ಎಂದು ಕೇಳುವವರಿದ್ದಾರೆ. ತಂಬಾಕು, ಟೊಮ್ಯಾಟೊದಲ್ಲಿ ಕೈಯಿಂದ ಕೈಗೆ ಹರಡುವ ಒಂದು ನಂಜಿದೆ. ಸಸಿ ಮುಟ್ಟುವ ಮೊದಲು ಕೆನೆ ತೆಗೆದ ಹಾಲಿನಲ್ಲಿ ಕೈ ಅದ್ದಿದರೆ ಆ ನಂಜು ಹರಡುವುದು ಕಡಿಮೆಯಾಗುತ್ತದೆ. ಅದು ನಿಜ. ಆದರೆ ಹೇನು ತಂದು ಚುಚ್ಚಿದ ನಂಜು ಹಾಲು ಹೊಡೆದರೆ ಹೋಗುವುದಿಲ್ಲ. ಆ ಹಾಲನ್ನು ಸಂಘಕ್ಕೇ ಹಾಕಿ, ಬಂದ ದುಡ್ಡಿನಲ್ಲಿ ಒಳ್ಳೆಯ ಗೋವಿನಜೋಳದ ಬೀಜ ತನ್ನಿ.

ಒಬ್ಬರು ಮಾಡಿದರೆ ಬೇಲಿ ಒಂದು ಹೊಲಕ್ಕೆ, ಊರಿನ ಹತ್ತು ಮನೆಯವರು ಕೂಡಿ ಮಾಡಿದರೆ ಇಡೀ ಸೀಮೆಗೆ. ಹೇನಿಗೆ ಬದುವಿನ ಕಲ್ಲು ಕಾಣುವುದಿಲ್ಲ. ಈ ಸಲದ ನಾಟಿಗೆ ಒಂದು ತಿಂಗಳು ಮೊದಲು, ಸಂಘದ ಕಟ್ಟೆಯ ಮೇಲೆ ಕೂತು ಯಾರು ಯಾವ ಹೊಲಕ್ಕೆ ಎಂದು ಬೇಲಿ ಬಿತ್ತುತ್ತಾರೆಂದು ಮಾತನಾಡಿಕೊಳ್ಳಿ. ಬೀಜ ಬೇಕಾದವರು ತಮ್ಮ ಹೆಸರನ್ನು ಸಂಘದ ಕಾರ್ಯದರ್ಶಿಯವರಲ್ಲಿ ಬರೆಸಿ.